ಚಿತ್ರದಲ್ಲಿ ನೀರಿಗೂ ಒಂದು ಕೆಲಸ ಬೇಕು

ಪ್ರಶ್ನೆ: ಮೈಸೂರಿನ ಸರಸ್ವತೀಪುರಂನಲ್ಲಿದ್ದೇನೆ. ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುತ್ತೇನೆ. ಮಾನಸಗಂಗೋತ್ರಿ ಕಡೆಯ ದಡದಲ್ಲಿ ನಿಂತು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಕಳಿಸಿದ್ದೇನೆ. ಎದುರಿಗೆ ಕೆರೆ, ಆಚೆ ದಡದಲ್ಲಿ ಮರಗಳು, ಅವುಗಳ ಹಿಂದೆ ಚಾಮುಂಡಿ ಬೆಟ್ಟ. ಬಲಗಡೆ ನೀರಿನಲ್ಲಿ ಒಂದು ಹೆಜ್ಜಾರ್ಲೆ (ಪೆಲಿಕನ್), ಎಡಗಡೆ ಮೇಲೆ ಒಂದು ಕೊಂಬೆ. ಆ ಬೆಳಗ್ಗೆ ಕಣ್ಣಿಗೆ ಎಷ್ಟು ಚೆನ್ನಾಗಿತ್ತೋ ಚಿತ್ರದಲ್ಲಿ ಅದು ಬಂದಿಲ್ಲ. ಬೆಟ್ಟ ಸಣ್ಣ ದಿಬ್ಬದ ಹಾಗೆ ಕಾಣುತ್ತದೆ. ದಿಗಂತ ನಡುವೆ ಇಡಲೇಬಾರದು ಅಂತ ಮಗ ಹೇಳುತ್ತಾನೆ. ಹೆಚ್ಚು ಅಗಲ ಹಿಡಿಯುವ ವೈಡ್ ಲೆನ್ಸ್ ತಗೋ ಅಂತ ಅಣ್ಣ. ಮುಂದೆ ಕಲ್ಲೋ ಗಿಡವೋ ಇರಲೇಬೇಕು ಅಂತ ಗೆಳತಿ. ಚಿತ್ರ ವಾಲಿದೆ ಅನ್ನಿಸಿ ಆಚೆ ದಡವನ್ನು ಗೆರೆಗೆ ಸರಿಯಾಗಿ ತಿರುಗಿಸಿದೆ, ಆಮೇಲೂ ಏನೋ ಸರಿಯಿಲ್ಲ. ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದೆ, 18-55 ಮತ್ತು 55-250 ಮಿಲಿಮೀಟರ್ ಲೆನ್ಸ್‌ಗಳ ಜೊತೆ. ಇದೇ ಚಿತ್ರವನ್ನು ಕ್ರಾಪ್ ಮಾಡಿ ಸರಿಮಾಡಬಹುದಾ, ಹೊಸದಾಗಿ ತೆಗೆಯಬೇಕಾ? 18×12 ಇಂಚಿನ ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕುವ ಆಸೆ.

ಉತ್ತರ: ನಿಮ್ಮ ಚಿತ್ರವನ್ನು ದೊಡ್ಡ ಪರದೆಯಲ್ಲಿ ತೆರೆದು ಸಾಕಷ್ಟು ಹೊತ್ತು ನೋಡಿದೆ. ಫೋಕಸ್ ಸರಿ ಇದೆ, ಬಣ್ಣ ಸಹಜವಾಗಿದೆ. ಮೊಬೈಲಿನದು ಏನೂ ತಪ್ಪಿಲ್ಲ. ನಿಮ್ಮ ಬೇಸರಕ್ಕೂ ಕಾರಣ ಇದೆ. ಕಣ್ಣಿಗೆ ಸಿಕ್ಕಿದ್ದು ಚಿತ್ರಕ್ಕೆ ಸಿಕ್ಕಿಲ್ಲ, ಅಲ್ವಾ?

ಚಿತ್ರವನ್ನು ಅಡ್ಡ ಪಟ್ಟಿಗಳಾಗಿ ನೋಡಿ. ಮೇಲಿನ ಅರ್ಧ ಬಿಳಿಚಿದ ಆಕಾಶ. ಕೆಳಗಿನ ಅರ್ಧ ಬೂದು ನೀರು. ಎರಡರ ನಡುವೆ ಒಂದು ತೆಳ್ಳನೆಯ ಪಟ್ಟಿ. ನೀವು ಮನಸಾರೆ ಇಷ್ಟಪಟ್ಟ ಮರ, ಬೆಟ್ಟ, ಹಕ್ಕಿ ಎಲ್ಲ ಆ ತೆಳು ಪಟ್ಟಿಯಲ್ಲೇ ಒತ್ತಿಕೊಂಡು ಕೂತಿವೆ. ಉಳಿದ ಜಾಗವೆಲ್ಲ ಸುಮ್ನೆ ಬಿದ್ದಿದೆ. ನೀರಿನ ದಡದ ಚಿತ್ರಗಳನ್ನು ಕಲಿಸುವಾಗ ನಾನು ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಒಂದೇ. ಇಲ್ಲಿ ನೀರು ಏನು ಮಾಡುತ್ತಿದೆ? ಕನ್ನಡಿಯಾಗಿದೆಯಾ? ಖಾಲಿ ಬಯಲಾಗಿ ಒಂದು ಹಕ್ಕಿಯನ್ನು ಎತ್ತಿ ತೋರಿಸುತ್ತಿದೆಯಾ? ಬೆಳಕಿನ ದಾರಿಯಾಗಿದೆಯಾ? ಹರಿಯುತ್ತಿದೆಯಾ? ನಿಮ್ಮ ಚಿತ್ರದಲ್ಲಿ ಅರ್ಧ ಜಾಗ ಹಿಡಿದಿರುವ ನೀರಿಗೆ ಇವುಗಳಲ್ಲಿ ಒಂದು ಕೆಲಸವೂ ಇಲ್ಲ. ಆ ಕೆಲಸ ಯಾವುದು ಅಂತ ಮೊದಲು ತೀರ್ಮಾನ ಮಾಡಿದರೆ ಎಲ್ಲಿ ನಿಲ್ಲಬೇಕು, ಎಷ್ಟು ಬಗ್ಗಬೇಕು, ದಿಗಂತ ಎಲ್ಲಿರಬೇಕು ಅನ್ನುವುದೆಲ್ಲ ಅದರ ಹಿಂದೆಯೇ ಬರುತ್ತದೆ.

ಅದಕ್ಕೆ ಮೊದಲು ನಿಮ್ಮ ಮನೆಯವರು, ಗೆಳತಿ ಹೇಳಿದ ಮಾತುಗಳನ್ನು ನೋಡೋಣ. ಎಲ್ಲದರಲ್ಲೂ ಸ್ವಲ್ಪ ನಿಜ ಇದೆ. ಆದರೆ ನಿಮ್ಮ ಚಿತ್ರಕ್ಕೆ ಹೇಳಿದ ಮದ್ದು ಅವಲ್ಲ.

ಬೆಟ್ಟ ಯಾಕೆ ಚಿಕ್ಕದಾಯಿತು ಅನ್ನುವುದಕ್ಕೆ ಲೆಕ್ಕ ಸುಲಭ. ಚಾಮುಂಡಿ ಬೆಟ್ಟ ಊರಿನ ಮಟ್ಟದಿಂದ ಸುಮಾರು 300 ಮೀಟರ್ ಎತ್ತರ. ನೀವು ನಿಂತ ದಡದಿಂದ ನೆತ್ತಿಗೆ ನೇರ ದೂರ ಸುಮಾರು 6 ಕಿಲೋಮೀಟರ್. ಅಷ್ಟು ದೂರದಿಂದ ಆ ಎತ್ತರ ಕಣ್ಣಿಗೆ ಬರೀ 3 ಡಿಗ್ರಿಯಷ್ಟು ಕಾಣುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಅಡ್ಡ ಹಿಡಿದಾಗ ಮೇಲಿಂದ ಕೆಳಕ್ಕೆ ಸುಮಾರು 53 ಡಿಗ್ರಿ ನೋಡುತ್ತದೆ. 53ರಲ್ಲಿ 3. ಅಂದರೆ ಚಿತ್ರದ ಎತ್ತರದಲ್ಲಿ ಹದಿನೆಂಟನೇ ಒಂದು ಭಾಗಕ್ಕಿಂತ ಬೆಟ್ಟಕ್ಕೆ ಜಾಸ್ತಿ ಜಾಗ ಸಿಗುವುದೇ ಇಲ್ಲ. ಕಣ್ಣಿಗೆ ಅದು ದೊಡ್ಡದಾಗಿ ಕಂಡಿದ್ದು ನಿಮ್ಮ ಗಮನ ಪೂರ್ತಿ ಅದರ ಮೇಲಿದ್ದ ಕಾರಣ. ಮನಸ್ಸು ಬೇಕಾದ್ದನ್ನು ಹತ್ತಿರ ಎಳೆದುಕೊಳ್ಳುತ್ತದೆ. ಲೆನ್ಸಿಗೆ ಆ ಮಮತೆ ಇಲ್ಲ, ಆಕಾಶವನ್ನೂ ಬೆಟ್ಟವನ್ನೂ ಒಂದೇ ಅಳತೆಯಲ್ಲಿ ಬರೆದುಕೊಳ್ಳುತ್ತದೆ.

ಈಗ ವೈಡ್ ಲೆನ್ಸಿನ ಮಾತು. ವೈಡ್ ಹಾಕಿದರೆ ಆ 3 ಡಿಗ್ರಿ ಇನ್ನೂ ಕುಗ್ಗುತ್ತದೆ. ಮೊಬೈಲಿನ 0.5 ಒತ್ತಿ ನೋಡಿ, ಬೆಟ್ಟ ಇದ್ದುದರಲ್ಲಿ ಅರ್ಧಕ್ಕಿಳಿಯುತ್ತದೆ. ನಿಸರ್ಗ ಚಿತ್ರ ಅಂದರೆ ವೈಡ್ ಲೆನ್ಸ್ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಹಂಪಿಯಲ್ಲಿ ತುಂಗಭದ್ರೆಯ ದಡದ ಬಂಡೆಗಳ ಪಕ್ಕದಲ್ಲೇ ನಿಂತಾಗ ಅದು ಸರಿ. ಅಲ್ಲಿ ನೋಡಬೇಕಾದ್ದು ನಿಮ್ಮ ಕಾಲ ಬುಡದಿಂದಲೇ ಶುರುವಾಗುತ್ತದೆ. ನಿಮ್ಮ ಕೆರೆಯಲ್ಲಿ ನೋಡಬೇಕಾದ್ದು ಆಚೆ ದಡದಲ್ಲಿದೆ, ಅದರ ಹಿಂದೆ ಇದೆ. ಅದಕ್ಕೆ ಬೇಕಾದ್ದು ಹತ್ತಿರ ತರುವ ಲೆನ್ಸ್. ಅದು ನಿಮ್ಮ ಕಪಾಟಿನಲ್ಲೇ ಇದೆ! ಲೆನ್ಸಿನ ಮಿಲಿಮೀಟರ್ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ 18ಕ್ಕೆ ಇಟ್ಟರೆ ಬೆಟ್ಟ ಚಿತ್ರದ ಹದಿನೈದನೇ ಒಂದು ಭಾಗ. 55ಕ್ಕೆ ಇಟ್ಟರೆ ಐದನೇ ಒಂದು ಭಾಗ. ಇನ್ನೊಂದು ಲೆನ್ಸ್ ಹಾಕಿ 100ಕ್ಕೆ ಇಟ್ಟರೆ ಮೂರನೇ ಒಂದು ಭಾಗ. ಆಗ ಅದು ನಿಜಕ್ಕೂ ಬೆಟ್ಟ. ಆಚೆ ದಡದ ಮರಗಳೂ ಬೆಟ್ಟವೂ ಒಂದರ ಮೇಲೊಂದು ಒರಗಿದ ಹಾಗೆ ಹತ್ತಿರ ಬರುತ್ತವೆ, ಖಾಲಿ ಆಕಾಶ ತಾನಾಗಿ ಹೊರಗೆ ಹೋಗುತ್ತದೆ. ದುಡ್ಡು ಖರ್ಚು ಮಾಡಬೇಡಿ. ತೊಂದರೆ ಒಂದೇ. ಝೂಮ್ ಜಾಸ್ತಿಯಾದಷ್ಟೂ ಕೈ ನಡುಕ, ಬಿಸಿಲೇರಿದ ಮೇಲಿನ ಗಾಳಿಯ ಕಂಪನ, ದೂಳಿನ ಮಬ್ಬು ಎಲ್ಲ ದೊಡ್ಡದಾಗುತ್ತವೆ. ಮುಂಜಾನೆಯೇ ತೆಗೆಯಿರಿ, ಕ್ಯಾಮೆರಾವನ್ನು ಟ್ರೈಪಾಡಿಗೋ ಬೆಂಚಿನ ಒರಗಿಗೋ ಒತ್ತಿ ಹಿಡಿಯಿರಿ.

ದಿಗಂತ ನಡುವೆ ಇರಬಾರದು ಅನ್ನುವುದು ಮಗನ ಮಾತು. ಮೊಬೈಲಿನಲ್ಲಿ ಗ್ರಿಡ್ ಆನ್ ಮಾಡಿದರೆ ಬರುವ ಗೆರೆಗಳ ಹಿಂದಿನ ನಿಯಮ ಇದು, ರೂಲ್ ಆಫ್ ಥರ್ಡ್ಸ್, ಅಂದರೆ ಮೂರು ಪಾಲಿನ ನಿಯಮ. ಇದನ್ನು ಹೆಸರಿಟ್ಟು ಬರೆದದ್ದು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ, 1797ರಲ್ಲಿ. ಆಗ ಫೋಟೊಗ್ರಫಿಯೇ ಇರಲಿಲ್ಲ, ಕೈಯಿಂದ ನಿಸರ್ಗ ಚಿತ್ರ ಬರೆಯುವವರಿಗೆ ಹೇಳಿದ ಮಾತು. ಚಿತ್ರದಲ್ಲಿ ಎರಡು ಸಮನಾದ ಬೆಳಕುಗಳು ಇದ್ದರೆ ಅವು ಒಂದಕ್ಕೊಂದು ಪೈಪೋಟಿ ಮಾಡುತ್ತವೆ, ಅದಕ್ಕೇ ಒಂದಕ್ಕೆ ಎರಡು ಪಾಲು, ಇನ್ನೊಂದಕ್ಕೆ ಒಂದು ಪಾಲು ಕೊಡಿ ಅನ್ನುವುದು ಅವರ ಲೆಕ್ಕ. ನೀರಿಗೂ ನೆಲಕ್ಕೂ ಅವರು ಇದೇ ಲೆಕ್ಕ ಹೇಳಿದ್ದಾರೆ. ಕಾರಣ ತಿಳಿದುಕೊಂಡರೆ ನಿಯಮವನ್ನು ಯಾವಾಗ ಬಿಡಬಹುದು ಅನ್ನುವುದೂ ತಿಳಿಯುತ್ತದೆ. ನಿಮ್ಮ ಚಿತ್ರದಲ್ಲಿ ಖಾಲಿ ಆಕಾಶ, ಖಾಲಿ ನೀರು, ಎರಡೂ ಸಮ. ಅದಕ್ಕೇ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಆದರೆ ನೀರು ನಿಂತು ಕನ್ನಡಿಯಾದ ದಿನ ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಪೈಪೋಟಿ ಮಾಡುವುದಿಲ್ಲ, ಎರಡೂ ಸೇರಿ ಒಂದೇ ಆಕಾರ. ಆ ದಿನ ದಿಗಂತವನ್ನು ಧೈರ್ಯವಾಗಿ ನಟ್ಟನಡುವೆ ಇಡಿ. ಸುಮ್ನೆ ಒಂದಿಷ್ಟು ಮೇಲೆ ಕೆಳಗೆ ಸರಿಸಿದರೆ ಸಮನೂ ಅಲ್ಲ, ಅಸಮನೂ ಅಲ್ಲ ಅನ್ನುವಂಥ ಗೊಂದಲವಾಗುತ್ತದೆ.

ಮುಂದೆ ಒಂದು ಕಲ್ಲು ಬೇಕೇ ಬೇಕು ಅನ್ನುವುದು ವೈಡ್ ಲೆನ್ಸ್ ಬಳಸುವವರ ಅಭ್ಯಾಸ. ವೈಡ್ ಹಾಕಿದಾಗ ಮುಂದಿನ ಜಾಗ ತುಂಬಾ ದೊಡ್ಡದಾಗುತ್ತದೆ, ಅಲ್ಲಿ ಏನಾದರೂ ಬೇಕಾಗುತ್ತದೆ. ಝೂಮ್ ಹಾಕಿದರೆ ಆ ಜಾಗವೇ ಇರುವುದಿಲ್ಲ. ಚಿತ್ರದ ಉಳಿದ ಭಾಗಕ್ಕೆ ಸಂಬಂಧವೇ ಇಲ್ಲದ ಕಲ್ಲನ್ನು ಮುಂದೆ ಕೂರಿಸಿದರೆ ನೋಡುವವರು ಆ ಕಲ್ಲನ್ನೇ ನೋಡುತ್ತಾರೆ. ಇಷ್ಟು ಸಾಕು ಆ ವಿಷಯಕ್ಕೆ.

ವಾಲಿದ ದಡದ ಸಂಗತಿ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೆರೆ, ಹಿನ್ನೀರಿನ ಚಿತ್ರಗಳಲ್ಲಿ ಒಳ್ಳೊಳ್ಳೆಯವರೂ ಇಲ್ಲಿ ಎಡವುತ್ತಾರೆ.

ಸಮುದ್ರದಲ್ಲಿ ದಿಗಂತ ನಿಜವಾದ ದಿಗಂತ, ಅದು ನೇರ ಇರಲೇಬೇಕು. ಕೆರೆಯಲ್ಲಿ ನಾವು ದಿಗಂತ ಅಂತ ಕರೆಯುವುದು ಆಚೆ ದಡವನ್ನು. ಆ ದಡ ನಿಮ್ಮ ಎದುರಿಗೆ ಸರಿಯಾಗಿ ಅಡ್ಡವಾಗಿರುವುದು ಅಪರೂಪ. ನಿಮ್ಮ ಚಿತ್ರದಲ್ಲಿ ಎಡಗಡೆ ದಡ ತಿರುಗಿ ನಿಮ್ಮ ಹತ್ತಿರ ಬರುತ್ತದೆ, ಬಲಗಡೆ ದೂರ ಹೋಗುತ್ತದೆ. ಹತ್ತಿರದ ದಡ ಚಿತ್ರದಲ್ಲಿ ಕೆಳಗೆ ಕಾಣುತ್ತದೆ, ದೂರದ ದಡ ಮೇಲೆ ಕಾಣುತ್ತದೆ. ಜೊತೆಗೆ ಹತ್ತಿರದ ಮರಗಳು ದೊಡ್ಡವು, ದೂರದವು ಸಣ್ಣವು. ಹೀಗಾಗಿ ಕ್ಯಾಮೆರಾ ಪೂರ್ತಿ ಮಟ್ಟವಾಗಿದ್ದರೂ ದಡ ಓರೆಯಾಗಿ ಕಾಣುತ್ತದೆ. ನೀವು ಆ ಓರೆ ಗೆರೆಯನ್ನು ಹಿಡಿದು ನೇರ ಮಾಡಿದಿರಿ. ಆಗ ನಿಜವಾಗಿ ನೆಟ್ಟಗಿದ್ದದ್ದು ವಾಲಿತು. ಏನೋ ಸರಿಯಿಲ್ಲ ಅಂತ ನಿಮಗೆ ಅನ್ನಿಸಿದ್ದು ಇದೇ. ನಿಮ್ಮ ಕಣ್ಣು ಸರಿಯಾಗಿಯೇ ಹೇಳಿದೆ.

ಹಾಗಾದರೆ ಮಟ್ಟ ನೋಡುವುದು ಹೇಗೆ? ನೀರೇ ತೋರಿಸಿಕೊಡುತ್ತದೆ. ಯಾವುದೇ ವಸ್ತುವಿನ ತುದಿಯೂ ನೀರಿನಲ್ಲಿ ಅದರ ಬಿಂಬದ ತುದಿಯೂ ಯಾವಾಗಲೂ ಒಂದೇ ನೆಟ್ಟ ಗೆರೆಯಲ್ಲಿ ಇರುತ್ತವೆ. ದಡ ಎಷ್ಟೇ ಓರೆ ಇರಲಿ, ಮರ ಎಷ್ಟೇ ಬಾಗಿರಲಿ, ಇದು ಬದಲಾಗುವುದಿಲ್ಲ. ನಿಮ್ಮ ಮೂಲ ಚಿತ್ರವನ್ನು ತೆರೆಯಿರಿ. ಚಿತ್ರದ ನಡುಭಾಗದಲ್ಲಿರುವ ಎತ್ತರದ ಮರವೊಂದನ್ನು ಹುಡುಕಿ. ಅದರ ತಲೆಯ ಮೇಲೆ ಒಂದು ಬೆರಳು, ನೀರಿನಲ್ಲಿ ಕಾಣುವ ತಲೆಕೆಳಗಾದ ತಲೆಯ ಮೇಲೆ ಇನ್ನೊಂದು ಬೆರಳು ಇಡಿ. ಎರಡನ್ನೂ ಸೇರಿಸುವ ಗೆರೆ ಚಿತ್ರದ ಪಕ್ಕದ ಅಂಚಿಗೆ ಸಮಾಂತರವಾಗಿದ್ದರೆ ಚಿತ್ರ ಮಟ್ಟವಾಗಿದೆ. ಅಂಚಿಗೆ ಹತ್ತಿರದ ಮರ ತಗೋಬೇಡಿ. ಕ್ಯಾಮೆರಾ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಬಾಗಿದ್ದರೆ ಅಂಚಿನಲ್ಲಿರುವ ನೆಟ್ಟ ಗೆರೆಗಳು ತಾವಾಗಿ ವಾಲುತ್ತವೆ. ನಾನು ನಿಮ್ಮ ಮೂಲ ಚಿತ್ರದಲ್ಲಿ ಹೀಗೆ ನೋಡಿದೆ. ಅದು ಮೊದಲು ಮಟ್ಟವಾಗಿಯೇ ಇತ್ತು.

ಇನ್ನು ನೀರಿನ ಕೆಲಸಗಳಿಗೆ ಬರೋಣ.

ಕನ್ನಡಿಯ ಕೆಲಸ ನಿಮ್ಮ ಕೆರೆಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ರಾತ್ರಿ ತಂಪಾದ ನೆಲ ಬಿಸಿಯಾಗುವ ತನಕ ಗಾಳಿ ಕಡಿಮೆ. ಬಿಸಿಲು ಏರಿದ ಹಾಗೆ ತಂಗಾಳಿ ಎದ್ದು ನೀರು ಒಡೆಯುತ್ತದೆ. ನಿಮಗೆ ಸಿಗುವುದು ಸೂರ್ಯ ಹುಟ್ಟುವುದಕ್ಕೆ ಮುಂಚಿನ ಹೊತ್ತು, ಹುಟ್ಟಿದ ಮೇಲೆ ಸ್ವಲ್ಪ ಹೊತ್ತು. ನೀವು ದಿನಾ ಹೋಗುವವರು, ಈ ಭಾಗ್ಯ ಪ್ರವಾಸಿಗರಿಗೆ ಇಲ್ಲ.

ಆದರೆ ನಿಂತುಕೊಂಡು ತೆಗೆದರೆ ಕನ್ನಡಿ ಅರ್ಧವೇ ಸಿಗುತ್ತದೆ. ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ಬೆಳಕಿನ ನೂರರಲ್ಲಿ ಎರಡು ಪಾಲನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಉಳಿದದ್ದು ಒಳಗೆ ಹೋಗುತ್ತದೆ. ಅದಕ್ಕೇ ಕಾಲ ಬುಡದಲ್ಲಿ ಕೆಸರು, ಎಲೆ, ಪಾಚಿ ಕಾಣುತ್ತವೆ. ನೋಟ ನೀರಿಗೆ ಒರಗಿದಷ್ಟೂ ಕನ್ನಡಿ ಗಟ್ಟಿಯಾಗುತ್ತದೆ. ನೀರಿನ ಮಟ್ಟಕ್ಕೆ 10 ಡಿಗ್ರಿಯಲ್ಲಿ ನೋಡಿದರೆ ನೂರರಲ್ಲಿ ಸುಮಾರು 35 ಪಾಲು, 5 ಡಿಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಅಂದರೆ ಬಗ್ಗಿದಷ್ಟೂ ಹತ್ತಿರದ ನೀರೂ ಕನ್ನಡಿಯಾಗುತ್ತದೆ.

ಇನ್ನೊಂದು ಲಾಭವೂ ಇದೆ. ನೀವು ನಿಂತಾಗ ಕ್ಯಾಮೆರಾ ನೀರಿನಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ ಅನ್ನೋಣ. ಆಗ 5 ಮೀಟರ್ ದೂರದಿಂದ ಆಚೆ ದಡದವರೆಗಿನ ನೀರು ಚಿತ್ರದಲ್ಲಿ ಹತ್ತಿರಹತ್ತಿರ 18 ಡಿಗ್ರಿ, ಅಂದರೆ ಫ್ರೇಮಿನ ಮೂರನೇ ಒಂದು ಭಾಗ ತಿನ್ನುತ್ತದೆ. ಕ್ಯಾಮೆರಾವನ್ನು 40 ಸೆಂಟಿಮೀಟರ್‌ಗೆ ಇಳಿಸಿ. ಅದೇ ನೀರು 5 ಡಿಗ್ರಿಗಿಂತ ಕಡಿಮೆಗೆ ಮಡಚಿಕೊಳ್ಳುತ್ತದೆ. ನಡುವಿನ ಖಾಲಿ ಬೂದು ಬಯಲು, ನಿಮ್ಮ ಚಿತ್ರವನ್ನು ಸಪ್ಪೆ ಮಾಡಿದ್ದೇ ಅದು, ಮಂಡಿ ಊರಿದ ಮಾತ್ರಕ್ಕೆ ಮಾಯವಾಗುತ್ತದೆ. ದಡದ ಚಿತ್ರಗಳಲ್ಲಿ ಲೆನ್ಸ್ ಬದಲಿಸುವುದಕ್ಕಿಂತ ಮೊದಲು ಎತ್ತರ ಬದಲಿಸಿ ಅಂತ ನಾನು ಹೇಳುವುದು ಇದಕ್ಕೇ.

ಒಮ್ಮೆ ಹೀಗೆ ಮಾಡಿ ನೋಡಿ. ದಡದಲ್ಲಿ ಜೊಂಡು ಬೆಳೆದಿರುವ ಕಡೆ ಕುಕ್ಕುರುಗಾಲಲ್ಲಿ ಕೂತು, ಮೊಬೈಲನ್ನು ತಲೆಕೆಳಗು ಹಿಡಿಯಿರಿ. ಲೆನ್ಸ್ ಇರುವ ತುದಿ ಕೆಳಗೆ ಬರುತ್ತದೆ, ನೀರಿಗೆ ಇನ್ನೂ ಒಂದು ಗೇಣು ಹತ್ತಿರ. ಈಗ ಪರದೆ ನೋಡುತ್ತಾ ನಿಧಾನವಾಗಿ ಇಳಿಸಿ. ಮೊದಲು ಜೊಂಡಿನ ತುದಿಗಳು ಬೆಳ್ಳಗಿನ ನೀರಿನ ಮೇಲೆ ಇರುತ್ತವೆ, ಒಂದೊಂದು ಎಲೆಯೂ ಬಿಡಿಯಾಗಿ ಕಾಣುತ್ತದೆ. ಇನ್ನೂ ಇಳಿಸಿದರೆ ತುದಿಗಳು ಆಚೆ ದಡದ ಮರಗಳ ಕಪ್ಪು ಬಿಂಬದೊಳಗೆ ನುಗ್ಗಿ ಕಾಣದಂತಾಗುತ್ತವೆ. ಮತ್ತೂ ಇಳಿಸಿದರೆ ಮರಗಳನ್ನೂ ದಾಟಿ ಆಕಾಶಕ್ಕೆ ಚುಚ್ಚಿಕೊಳ್ಳುತ್ತವೆ. ಒಂದೆರಡು ಗೇಣಿನೊಳಗೆ ಮೂರು ಬೇರೆ ಚಿತ್ರಗಳು. ಕಪ್ಪಿನ ಮೇಲೆ ಕಪ್ಪು ಬಿದ್ದ ನಡುವಿನ ಜಾಗವನ್ನು ಬಿಟ್ಟು ಉಳಿದೆರಡರಲ್ಲಿ ಒಂದನ್ನು ಆರಿಸಿ.

ಬಿಂಬ ಅಂದರೆ ಮೇಲಿನದನ್ನು ಮಗುಚಿ ಹಾಕಿದ್ದು ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ನಿಮ್ಮ ಕ್ಯಾಮೆರಾ ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇನ್ನೊಂದು ಕ್ಯಾಮೆರಾ ಇಟ್ಟು ನೋಡಿದರೆ ಏನು ಕಾಣುತ್ತದೋ ಅದು ಬಿಂಬ. ಅದಕ್ಕೇ ಬಿಂಬದಲ್ಲಿ ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲ ಕಾಣುತ್ತದೆ, ಎಲೆಗಳ ಅಡಿಭಾಗ ಕಾಣುತ್ತದೆ. ಎತ್ತರದ ಜಾಗದಿಂದ ನೋಡಿದರೆ ಹತ್ತಿರದ ಗಿಡಗಳು ಬಿಂಬದಲ್ಲಿ ಬೆಟ್ಟವನ್ನು ಮರೆಮಾಡಿಬಿಡುತ್ತವೆ, ಮೇಲೆ ಮಾತ್ರ ಬೆಟ್ಟ ಪೂರ್ತಿ ಇರುತ್ತದೆ. ಬೆಟ್ಟದ ಬಿಂಬ ಪೂರ್ತಿ ಬೇಕಾದರೂ ಮದ್ದು ಒಂದೇ, ಕೆಳಗಿಳಿಯುವುದು. ತಿದ್ದುವಾಗಲೂ ಒಂದು ಎಚ್ಚರ ಬೇಕು. ಬಿಂಬ ಯಾವಾಗಲೂ ಮೂಲಕ್ಕಿಂತ ಸ್ವಲ್ಪ ಮಂದವಾಗಿಯೇ ಇರುತ್ತದೆ. ಕೆಳಗಿನ ಅರ್ಧವನ್ನು ಆಕಾಶಕ್ಕಿಂತ ಬೆಳ್ಳಗೆ ಮಾಡಿದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಸುಳ್ಳು ಅನ್ನಿಸುತ್ತದೆ.

ಪೋಲರೈಸರ್ ಫಿಲ್ಟರ್ ಹಾಕಿ ಅಂತ ಯಾರಾದರೂ ಹೇಳಬಹುದು. ಅದು ಇರುವುದೇ ನೀರಿನ ಹೊಳಪನ್ನು ತೆಗೆಯಲು. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿಯಲ್ಲಿ ನೋಡುವಾಗ ಅದರ ಕೆಲಸ ಜೋರು, ತಳದ ಕಲ್ಲುಗಳು ಕಾಣಬೇಕಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಂಬ ಬೇಕಾದ ಚಿತ್ರಕ್ಕೆ ಅದು ಎದುರಾಳಿ. ನಿಮಗೆ ಬೇಡ.

ನೀರು ಪೂರ್ತಿ ನಿಲ್ಲದ ದಿನ ಬೇಜಾರು ಮಾಡಿಕೊಳ್ಳಬೇಡಿ. ಸಣ್ಣ ಅಲೆಗಳು ಬಿಂಬವನ್ನು ಅಳಿಸುವುದಿಲ್ಲ, ಮೇಲೆ ಕೆಳಗೆ ಎಳೆಯುತ್ತವೆ. ಅಡ್ಡ ಗೆರೆಗಳು ಕಲಸಿಹೋಗುತ್ತವೆ, ನೆಟ್ಟ ಗೆರೆಗಳು ಉಳಿಯುತ್ತವೆ. ಆ ದಿನ ಬೆಟ್ಟವನ್ನು ಬಿಡಿ, ಉದ್ದುದ್ದ ಕಾಂಡಗಳ ಮರಗಳನ್ನು ಹಿಡಿಯಿರಿ. ನೀರಿನಲ್ಲಿ ಅವು ಬಣ್ಣದ ಉದ್ದ ಪಟ್ಟೆಗಳಾಗಿ ಇಳಿದಿರುತ್ತವೆ.

ಎರಡನೆಯ ಕೆಲಸ ಖಾಲಿ ಬಯಲಾಗುವುದು. ಇದು ಕನ್ನಡಿಗೆ ಪೂರ್ತಿ ವಿರುದ್ಧ. ಬಗ್ಗಬೇಡಿ, ಮೇಲೆ ಹತ್ತಿ. ನಡಿಗೆ ದಾರಿಯ ಎತ್ತರದ ಜಾಗದಿಂದ ಕ್ಯಾಮೆರಾ ಕೆಳಗೆ ಬಾಗಿಸಿ, ಆಕಾಶವನ್ನೂ ಆಚೆ ದಡವನ್ನೂ ಫ್ರೇಮಿನಿಂದ ಹೊರಗೆ ಹಾಕಿ. ಬರೀ ನೀರು, ಅದರಲ್ಲಿ ಒಂದು ಹೆಜ್ಜಾರ್ಲೆ. ಬೆಳಗಿನ ಬಣ್ಣವೆಲ್ಲ ನೀರಿನ ಮೇಲೇ ಇರುತ್ತದೆ, ಆಕಾಶ ಬೇರೆ ತೋರಿಸಬೇಕಾಗಿಲ್ಲ. ಹಕ್ಕಿಯ ಮುಂದೆ ಜಾಸ್ತಿ ಜಾಗ ಬಿಡಿ, ಹಿಂದೆ ಕಡಿಮೆ. ಹಕ್ಕಿ ಸಣ್ಣದಾಗಿದೆ ಅಂತ ಹೆದರಬೇಡಿ, ನೀರು ದೊಡ್ಡದಾಗಿ ಕಾಣಬೇಕಾದರೆ ಅದು ಸಣ್ಣದಾಗಿಯೇ ಇರಬೇಕು. ನಿಮ್ಮ ಚಿತ್ರದಲ್ಲಿ ಹೆಜ್ಜಾರ್ಲೆ ಆಚೆ ದಡದ ಕಪ್ಪು ಬಿಂಬದ ಅಂಚಿಗೆ ತಾಗಿಕೊಂಡಿದೆ. ಅದರ ಬಿಳಿ ಮೈ ಅರ್ಧ ಕಪ್ಪಿನ ಮೇಲೆ, ಅರ್ಧ ಬೂದಿನ ಮೇಲೆ ಬಿದ್ದು ಆಕಾರವೇ ಒಡೆದಿದೆ. ಪೂರ್ತಿ ಕಪ್ಪಿನ ಮೇಲೆ ತೇಲಿ ಬರುವ ತನಕ ಕಾಯಬಹುದಿತ್ತು. ಕಾಯುವುದು ಕಷ್ಟವೇನಲ್ಲ, ಈ ಹಕ್ಕಿ ನಿಧಾನದ ಹಕ್ಕಿ. ದಯವಿಟ್ಟು ಕಲ್ಲೆಸೆದು, ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ. ಕೆಲವರು ರೆಕ್ಕೆ ಬಿಚ್ಚಿದ ಚಿತ್ರಕ್ಕಾಗಿ ಹಾಗೆ ಮಾಡುವುದನ್ನು ಕಂಡಿದ್ದೇನೆ. ಮೇವಿಗೆ ಬಂದ ಹಕ್ಕಿಯನ್ನು ಸುಸ್ತು ಮಾಡಿ ತೆಗೆದ ಚಿತ್ರಕ್ಕೆ ಯಾವ ಬೆಲೆಯೂ ಇಲ್ಲ.

ಮೂರನೆಯದು ಬೆಳಕಿನ ದಾರಿ. ಸೂರ್ಯ ಎದುರಿಗಿದ್ದಾಗ ನೀರಿನ ಮೇಲೆ ಬೀಳುವ ಹೊಳೆವ ಪಟ್ಟಿ ಯಾವಾಗಲೂ ನೇರ ನಿಮ್ಮ ಕಡೆಗೇ ಬರುತ್ತದೆ. ನೀವು ಎಡಕ್ಕೆ ನಡೆದರೆ ಅದೂ ನಡೆಯುತ್ತದೆ. ದಡದ ಜೊಂಡು, ಕಲ್ಲು ಮಾತ್ರ ಇದ್ದಲ್ಲೇ ಇರುತ್ತವೆ. ಅಂದರೆ ಬೆಳಕಿನ ಪಟ್ಟಿಯನ್ನು ಯಾವ ಗಿಡದ ಹಿಂದೆ ಇಡಬೇಕು ಅನ್ನುವುದು ಪೂರ್ತಿ ನಿಮ್ಮ ಕಾಲಿನ ಕೈಯಲ್ಲಿದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು.

ನಾಲ್ಕನೆಯದು ಹರಿವು. ನಿಮ್ಮ ಕೆರೆಯಲ್ಲಿ ಅದಕ್ಕೆ ಅವಕಾಶ ಕಮ್ಮಿ. ಶ್ರೀರಂಗಪಟ್ಟಣದ ಹತ್ತಿರ ಬಲಮುರಿಯಲ್ಲಿ ಕಾವೇರಿ ಕಟ್ಟೆಯಿಂದ ಇಳಿಯುತ್ತಾಳಲ್ಲ, ಅಂಥ ಕಡೆ ಟ್ರೈಪಾಡ್ ಇಟ್ಟು ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್‌ವರೆಗೆ ಎಕ್ಸ್‌ಪೋಷರ್ ಕೊಟ್ಟರೆ, ಅಂದರೆ ಅಷ್ಟು ಹೊತ್ತು ಬೆಳಕನ್ನು ಒಳಗೆ ಬಿಟ್ಟರೆ, ನೀರಿನ ಎಳೆಗಳು ಕಾಣುತ್ತವೆ.

ಸೂರ್ಯನ ಬಗ್ಗೆ ಒಂದು ಮಾತು. ಬೆಟ್ಟದ ನೆತ್ತಿಯ ಹಿಂದಿನಿಂದ ಸೂರ್ಯ ಎದ್ದು ಬರುವ ಚಿತ್ರಕ್ಕಾಗಿ ಈ ದಡದಲ್ಲಿ ಕಾಯುವವರಿದ್ದಾರೆ. ಈ ದಡದಿಂದ ನೋಡಿದರೆ ನೆತ್ತಿ ಆಗ್ನೇಯದಲ್ಲಿದೆ, ದಿಕ್ಸೂಚಿಯಲ್ಲಿ 130 ಡಿಗ್ರಿಯ ಆಸುಪಾಸು. ಸೂರ್ಯ ಮೈಸೂರಿನಲ್ಲಿ ಡಿಸೆಂಬರ್ ಕೊನೆಯಲ್ಲಿ ಅತಿ ದಕ್ಷಿಣಕ್ಕೆ ಹೋದಾಗಲೂ 114 ಡಿಗ್ರಿಯಲ್ಲಿ ಹುಟ್ಟುತ್ತಾನೆ. ಜೂನ್ ಕೊನೆಯಲ್ಲಿ 66ಕ್ಕೆ ಸರಿಯುತ್ತಾನೆ. ಅಂದರೆ ಯಾವ ತಿಂಗಳಲ್ಲೂ ನೆತ್ತಿಯ ಎಡಕ್ಕೇ ಉದಯ. ಡಿಸೆಂಬರಿನಲ್ಲಿ ಬೆಟ್ಟಕ್ಕೂ ಸೂರ್ಯನಿಗೂ ಸ್ವಲ್ಪವೇ ಅಂತರ ಇರುವುದರಿಂದ ಬೆಟ್ಟ ನೀಲಿ ನೆರಳಾಗಿ ನಿಲ್ಲುತ್ತದೆ. ಚಳಿಗಾಲದ ಮಂಜು ಕೆರೆಯ ಮೇಲೆ ಕೂತ ದಿನ ಮರ, ಬೆಟ್ಟ ಎರಡೂ ಬೇರೆ ಬೇರೆ ಪದರಗಳಾಗಿ ಬಿಡಿಸಿಕೊಳ್ಳುತ್ತವೆ. ನನ್ನ ಕೇಳಿದರೆ ನಿಮ್ಮ ಹಾಲ್‌ಗೆ ಬೇಕಾದ ಚಿತ್ರ ಅಲ್ಲಿದೆ. ಮಳೆಗಾಲದಲ್ಲಿ ಮೋಡ ಕಟ್ಟಿದಾಗ ಮಾತ್ರ ಆಕಾಶಕ್ಕೆ ಎರಡು ಪಾಲು ಕೊಡಿ, ಆಗ ಅದಕ್ಕೆ ಹೇಳಲು ಏನೋ ಇರುತ್ತದೆ.

ಸಂಜೆಯೂ ಒಂದು ಸಲ ಹೋಗಿ ನೋಡಿ, ಬಾಗಿಲು ಮುಚ್ಚುವ ಹೊತ್ತು ಕೇಳಿಕೊಂಡು. ಸೂರ್ಯ ನಿಮ್ಮ ಬೆನ್ನ ಹಿಂದಿರುತ್ತಾನೆ, ಬೆಟ್ಟದ ಮುಖಕ್ಕೆ ಬಿಸಿಲು ಬೀಳುತ್ತದೆ, ಹಸಿರು ಕಂದು ಎಲ್ಲ ಕಾಣುತ್ತದೆ. ಆದರೆ ಆ ಹೊತ್ತಿಗೆ ಗಾಳಿ ಇರುವುದೇ ಜಾಸ್ತಿ. ಬೆಳಗ್ಗೆ ಬಿಂಬ, ಸಂಜೆ ಬಣ್ಣ. ಎರಡೂ ಒಟ್ಟಿಗೆ ಸಿಗುವ ದಿನಗಳು ಕಡಿಮೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ, ಕುವೆಂಪು ನಡೆದಾಡಿದ ಈ ಕೆರೆಯ ಸುತ್ತ ಪೂರ್ತಿ ದಾರಿ ಇದೆ. ಒಂದೇ ಜಾಗಕ್ಕೆ ಅಂಟಿಕೊಳ್ಳಬೇಡಿ.

ಕೊಂಬೆಯ ವಿಷಯ. ಚಿತ್ರಕ್ಕೆ ಚೌಕಟ್ಟಾಗಲಿ ಅಂತ ಅದನ್ನು ಸೇರಿಸಿದ್ದೀರಿ ಅಂತ ಕಾಣುತ್ತದೆ. ಅದರ ಬುಡ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಎರಡೆಲೆ ಮಾತ್ರ ಮೂಲೆಯಿಂದ ಇಣುಕುತ್ತವೆ. ಹಾಗಾದಾಗ ಅದು ಯಾರದೋ ಕೈ ಅಡ್ಡ ಬಂದ ಹಾಗೆ ಕಾಣುತ್ತದೆ. ಸೇರಿಸುವುದಾದರೆ ಧಾರಾಳವಾಗಿ ಸೇರಿಸಿ, ಮೇಲಿನ ಖಾಲಿ ಆಕಾಶವನ್ನು ಪೂರ್ತಿ ತುಂಬುವಷ್ಟು. ಇಲ್ಲದಿದ್ದರೆ ಒಂದು ಹೆಜ್ಜೆ ಮುಂದೆ ಹೋಗಿ ಹೊರಗೆ ಬಿಡಿ. ಬಟನ್ ಒತ್ತುವ ಮುಂಚೆ ಫ್ರೇಮಿನ ನಾಲ್ಕೂ ಅಂಚನ್ನು ಕಣ್ಣಿನಿಂದ ಒಂದು ಸುತ್ತು ಹಾಕುವ ಅಭ್ಯಾಸ ಮಾಡಿಕೊಳ್ಳಿ. ಇಂಥವೆಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ಈಗ ಕೈಯಲ್ಲಿರುವ ಚಿತ್ರ. ಮೊದಲು ನೀವು ಮಾಡಿದ ತಿರುಗಿಸುವಿಕೆಯನ್ನು ರದ್ದು ಮಾಡಿ, ಮೂಲಕ್ಕೆ ಹೋಗಿ. ಆಮೇಲೆ ದಾರಿಗಳು ಎರಡು.

ಒಂದು, ಉದ್ದನೆಯ ಪಟ್ಟಿಯಾಗಿ ಕತ್ತರಿಸುವುದು. ನಿಮ್ಮ ಚಿತ್ರ 4000×3000 ಪಿಕ್ಸೆಲ್ ಇದೆ. ಅಗಲ ಹಾಗೇ ಬಿಟ್ಟು ಎತ್ತರವನ್ನು 1600ಕ್ಕೆ ಇಳಿಸಿ. ಆಕಾಶವನ್ನು ಕೊಂಬೆ ಹೋಗುವಷ್ಟು ಕತ್ತರಿಸಿ, ಉಳಿದದ್ದನ್ನು ಕೆಳಗಿನ ನೀರಿನಿಂದ ತೆಗೆಯಿರಿ. ಬೆಟ್ಟದ ಪಾಲು ಹದಿನೆಂಟನೇ ಒಂದರಿಂದ ಒಂಬತ್ತನೇ ಒಂದಕ್ಕೆ ಏರುತ್ತದೆ. ಎರಡು ಖಾಲಿ ಪಟ್ಟಿಗಳ ಜಗಳ ನಿಲ್ಲುತ್ತದೆ. ಇದರಲ್ಲಿ ನಷ್ಟ ಕಡಿಮೆ. ಹಕ್ಕಿಯ ಆಕಾರ ಒಡೆದದ್ದು ಮಾತ್ರ ಹಾಗೇ ಉಳಿಯುತ್ತದೆ.

ಎರಡು, ಬೆಟ್ಟದ ಸುತ್ತ ಬಿಗಿಯಾಗಿ ಕತ್ತರಿಸಿ ದೊಡ್ಡದು ಮಾಡುವುದು. ಇದನ್ನು ಮಾಡಬೇಡಿ ಅನ್ನುತ್ತೇನೆ. ನಿಮ್ಮ ಚಿತ್ರದಲ್ಲಿ ಬೆಟ್ಟದ ಎತ್ತರ ಬರೀ 170 ಪಿಕ್ಸೆಲ್‌ನಷ್ಟಿದೆ. ನಾಲ್ಕನೇ ಒಂದು ಅಗಲಕ್ಕೆ ಕತ್ತರಿಸಿದರೆ 1000 ಪಿಕ್ಸೆಲ್ ಉಳಿಯುತ್ತದೆ, ಅದನ್ನು 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 55 ಪಿಕ್ಸೆಲ್. ಗೋಡೆಯ ಮೇಲೆ ಹತ್ತಿರದಿಂದ ನೋಡಿದರೆ ಎಲೆ ಎಲ್ಲ ಕಲಸಿದ ಬಣ್ಣವಾಗುತ್ತದೆ. ಈಗಿನ ಆ್ಯಪ್‌ಗಳು ಇಲ್ಲದ ವಿವರವನ್ನು ತಾವೇ ತುಂಬಿ ಕೊಡುತ್ತವೆ. ಹಾಗೆ ತುಂಬಿದ ಎಲೆಗಳು ನೀವು ಕಂಡ ಎಲೆಗಳಲ್ಲ. ಯಾವುದಾದರೂ ಸ್ಪರ್ಧೆಗೆ ಕಳಿಸುವ ಯೋಚನೆ ಇದ್ದರೆ ಹೀಗೆ ತುಂಬುವುದಕ್ಕೆ, ಹಕ್ಕಿಯನ್ನು ಆಚೀಚೆ ಸರಿಸುವುದಕ್ಕೆ ನಿಯಮ ಒಪ್ಪುತ್ತದೆಯಾ ಅಂತ ಮೊದಲು ಓದಿಕೊಳ್ಳಿ.

ನನ್ನ ಸಲಹೆ ಹೊಸದಾಗಿ ತೆಗೆಯಿರಿ ಅನ್ನುವುದೇ. ಕೆರೆ ಮನೆ ಹತ್ತಿರ ಇದೆ, ದಿನಾ ಹೋಗುತ್ತೀರಿ. ಡಿಎಸ್‌ಎಲ್‌ಆರ್‌ಗೆ 55-250 ಹಾಕಿಕೊಂಡು, 55ಕ್ಕೂ 100ಕ್ಕೂ ನಡುವೆ ಇಟ್ಟು, ಮಂಡಿ ಊರಿ ತೆಗೆಯಿರಿ. ದಡದ ಕೆಸರು ಜಾರುತ್ತದೆ, ಜೊಂಡಿನಲ್ಲಿ ಹಾವು ಇರಬಹುದು, ನೋಡಿಕೊಂಡು ಕಾಲಿಡಿ. ಆ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದ್ದಾದರೆ 18×12ಕ್ಕೆ ಇಂಚಿಗೆ 333 ಪಿಕ್ಸೆಲ್ ಸಿಗುತ್ತದೆ, ಸ್ವಲ್ಪ ಕ್ರಾಪ್ ಮಾಡಿದರೂ ಚಿಂತೆಯಿಲ್ಲ. 12 ಮೆಗಾಪಿಕ್ಸೆಲ್‌ನದ್ದಾದರೂ ಪೂರ್ತಿ ಫ್ರೇಮ್ ಬಳಸಿದರೆ ಗೋಡೆಗೆ ಸಾಕಾಗುತ್ತದೆ. ಈ ಅಳತೆ ಕ್ಯಾಮೆರಾದ 3:2 ಆಕಾರಕ್ಕೆ ಸರಿಯಾಗಿ ಹೊಂದುತ್ತದೆ. ಮೊಬೈಲಿನ 4:3 ಚಿತ್ರ ಕೊಟ್ಟರೆ ಸ್ಟುಡಿಯೋದವರು ಮೇಲೆ ಕೆಳಗೆ ತಾವೇ ಕತ್ತರಿಸುತ್ತಾರೆ, ಎಲ್ಲಿ ಕತ್ತರಿಸಬೇಕು ಅಂತ ನೀವೇ ತೀರ್ಮಾನ ಮಾಡಿ, ಮೊದಲೇ ಕತ್ತರಿಸಿ ಕೊಡಿ. ಕಿಟಕಿಯ ಎದುರಿನ ಗೋಡೆಯಾದರೆ ಮ್ಯಾಟ್ ಕಾಗದ ಕೇಳಿ, ಗ್ಲಾಸಿ ಹಾಕಿಸಿದರೆ ಬೆಟ್ಟದ ಜೊತೆ ಕಿಟಕಿಯ ಹೊಳಪೂ ಕಾಣುತ್ತದೆ.